ಸೂಪ್ ಡಬ್ಬಿ, ಬ್ಯಾಳಿ ಚೀಲ ಮತ್ತ ಹೆಸರಿಲ್ಲದ ಕೈಗಳು

ಮಾನ್ಯ ಸಂಪಾದಕರಿಗೆ ಶರಣು ಶರಣಾರ್ಥಿ,

ನಿಮ್ಮ ಭಾನುವಾರದ ಪುರವಣಿಯೊಳಗ ಸೂಪ್ ಡಬ್ಬಿ ಚಿತ್ರ ಹಾಕಿ ಪಾಪ್ ಆರ್ಟ್, ಅಂದ್ರ ಅಂಗಡಿ ಮಾಲು, ಜಾಹೀರಾತು, ಸಿನಿಮಾದಂಥ ದಿನದ ಚಿತ್ರಗಳನ್ನೇ ತೊಗೊಂಡು ಮಾಡೋ ಕಲೆ, ಅದರ ಬಗ್ಗೆ ಒಂದು ಸಣ್ಣ ಬರಹ ಬಂದಿತ್ತು. ಅದಕ್ಕ ಮುಂದಿನ ವಾರ ಓದುಗರೊಬ್ರು ಪತ್ರ ಬರೆದು, ಅಂಗಡ್ಯಾಗ ಸಿಗೋ ಡಬ್ಬಿ ಚಿತ್ರ ತೆಗೆದು ಕಲೆ ಅಂದ್ರ ಹೆಂಗ, ಅದನ್ನೇ ಪ್ರಿಂಟ್ ಹೊಡೆದು ನೂರಾರು ಕಾಪಿ ಮಾಡಿದ್ರ ಅದು ಜಾಹೀರಾತಲ್ಲದ ಮತ್ತೇನು ಅಂತ ಕೇಳಿದ್ರು. ಅವರು ಕೇಳಿದ್ದು ತಪ್ಪಿಲ್ಲ, ಮೊದಲ ಸಲ ನೋಡಿದಾಗ ನನಗೂ ಹಂಗೇ ಅನ್ಸಿತ್ತು. ಆದ್ರ ನಾನು ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಮೂವತ್ತು ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡ್ಕೋತ ಬಂದವ, ಲಗ್ನಪತ್ರಿಕಿ, ಬಿಲ್ ಬುಕ್, ಸ್ಟಿಕರ್, ಎಲ್ಲಕ್ಕಿಂತ ಜಾಸ್ತಿ ದಾಲ್ ಮಿಲ್ಲಿನ ಚೀಲ, ಹಂಗಾಗಿ ಆ ಡಬ್ಬಿ ಚಿತ್ರ ಈಗ ನನಗ ಬ್ಯಾರೇನೇ ಹೇಳ್ತದ, ಅದನ್ನ ನಾಕ್ ಮಂದಿ ಮುಂದ ಇಡಬೇಕಂತ ಈ ಪತ್ರ ಬರಿಲಕತ್ತೀನಿ. ಸ್ವಲ್ಪ ಉದ್ದ ಆಗ್ತದ, ದಯಮಾಡಿ ಕತ್ತರಿ ಹಾಕಬ್ಯಾಡ್ರಿ.

ಮೊದಲು ಆ ಡಬ್ಬಿ ಸುದ್ದಿ. ಅದನ್ನ ಬರೆದ ಅಮೆರಿಕದ ಚಿತ್ರಗಾರ ಆಂಡಿ ವಾರ್ಹೋಲ್ 1928ರಾಗ ಪಿಟ್ಸ್‌ಬರ್ಗ್ ಅನ್ನೋ ಉಕ್ಕಿನ ಕಾರ್ಖಾನಿ ಊರಾಗ ಹುಟ್ಟಿದವ. ನ್ಯೂಯಾರ್ಕಿಗಿ ಬಂದು ಮೊದಲು ಮಾಡಿದ್ದು ಜಾಹೀರಾತಿಗಿ ಚಿತ್ರ ಬರಿಯೋ ಕೆಲ್ಸ, ಹೆಣ್ಮಕ್ಕಳ ಬೂಟು ಚಪ್ಪಲಿ ಚಿತ್ರ ತೆಗಿಯೋದ್ರಾಗ ಅವನ ಕೈ ಭಾಳ ಹೆಸರಾಗಿತ್ತು. ಅಂದ್ರ ಅವ ದೂರ ನಿಂತು ಅಂಗಡಿ ನೋಡಿದವ ಅಲ್ಲ, ಮಾರೋ ದಂಧೆಯೊಳಗೇ ಕೂತು ಉಂಡವ. 1962ರ ಜುಲೈದಾಗ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯೊಳಗ ಕ್ಯಾಂಪ್‌ಬೆಲ್ ಕಂಪನಿ ಸೂಪ್ ಡಬ್ಬಿದು 32 ಚಿತ್ರ ಇಟ್ಟ. ಯಾಕ 32 ಅಂದ್ರ ಆವಾಗ ಆ ಕಂಪನಿ ಮಾರ್ತಿದ್ದದ್ದು 32 ನಮೂನಿ ಸೂಪು, ಒಂದೊಂದಕ್ಕ ಒಂದೊಂದು ಚಿತ್ರ. ಗ್ವಾಡಿ ಉದ್ದಕ್ಕ ಹಲಗಿ ಹೊಡೆದು, ಕಿರಾಣಿ ಅಂಗಡ್ಯಾಗ ಸಾಮಾನ ಇಟ್ಟಂಗ ಸಾಲಾಗಿ ಇಟ್ಟಿದ್ರು. ಮಂದಿ ನಕ್ಕರು, ಹತ್ರದ ಇನ್ನೊಂದು ಗ್ಯಾಲರಿಯವರು ಖರೆ ಸೂಪ್ ಡಬ್ಬಿ ತಂದು ಕಿಡಕಿಯೊಳಗ ಪೇರಿಸಿ, ನಮ್ಮಲ್ಲಿ ಅಸಲಿ ಮಾಲು ಕಮ್ಮಿ ರೇಟಿಗಿ ಸಿಗ್ತದ ಅಂತ ಚಾಷ್ಟಿ ಮಾಡಿದ್ರು. ಒಂದು ಚಿತ್ರಕ್ಕ ರೇಟು 100 ಡಾಲರ್. ಗ್ಯಾಲರಿ ನಡೆಸ್ತಿದ್ದ ಇರ್ವಿಂಗ್ ಬ್ಲಮ್ ಅನ್ನೋರಿಗಿ ಆಮ್ಯಾಲ ಹೊಳೀತು, ಇವು ಬಿಡಿ ಬಿಡಿಯಾಗಿ ಹೋಗಬಾರ್ದು, 32ಕ್ಕ 32 ಒಂದೇ ಕಡಿ ಇರ್ಬೇಕು ಅಂತ, ತಾನೇ 1,000 ಡಾಲರಿಗಿ ಕಂತಿನ ಮ್ಯಾಲ ತೊಗೊಂಡ. 1996ರಾಗ ಅವು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಸೇರಿದವು. ಬ್ಲಮ್‌ಗೆ ಹೊಳೆದದ್ದೇ ಮುಖ್ಯ ನೋಡ್ರಿ. ಒಂದು ಡಬ್ಬಿ ಇದ್ರ ಅದು ಬರೇ ಡಬ್ಬಿ ಚಿತ್ರ. 32 ಸಾಲಾಗಿ ನಿಂತ್ರ ಅದು ಅಂಗಡಿ, ಫ್ಯಾಕ್ಟರಿ, ನಮ್ಮ ಊಟ, ಎಲ್ಲಾನೂ.

ಆ 32 ಹೆಚ್ಚುಕಮ್ಮಿ ಕೈಲೇ ಬರೆದವು. ಅದೇ ವರ್ಷ ಆಗಸ್ಟ್ ಹೊತ್ತಿಗಿ ಅವ ಫೋಟೊ ಹಾಕಿ ಸ್ಕ್ರೀನ್ ಪ್ರಿಂಟ್ ಮಾಡೋದಕ್ಕ ಇಳಿದ, ಮುಂದ ಅವನ ಸ್ಟುಡಿಯೋಕ್ಕ ಜನ ಫ್ಯಾಕ್ಟರಿ ಅಂತಲೇ ಕರೀಲಕ್ಕ ಹತ್ತಿದ್ರು, 1968ರಾಗ ಅದೇ ಸೂಪ್ ಡಬ್ಬಿಗಳನ್ನ ಹತ್ತು ಪ್ರಿಂಟಿನ ಒಂದು ಸೆಟ್ ಮಾಡಿ 250 ಸೆಟ್ ಹೊಡೆಸಿದ. ನನಗ ಯಂತ್ರ ಆಗ್ಬೇಕು ಅನ್ಸ್ತದ ಅಂತ 1963ರಾಗ ಒಂದು ಸಂದರ್ಶನದಾಗ ಹೇಳಿದ್ನಂತ. ಈ ಮಾತು ಓದಿ ಭಾಳ ಮಂದಿ ಸಿಟ್ಟಾಗ್ತಾರ. ನಾನು ಸಿಟ್ಟಾಗ್ಲಿಲ್ಲ, ಯಾಕಂದ್ರ ದಿನಕ್ಕ ಸಾವಿರ ಚೀಲ ಹೊಡಿಯೋ ಮನುಷ್ಯಗ ಸಂಜಿಗಿ ಖರೇನೇ ತಾನು ಯಂತ್ರ ಅನ್ಸ್ತದ, ಭುಜ ಒಂದೇ ಲಯದಾಗ ಹೋಗಿ ಬರ್ತಿರ್ತದ, ಮನಸ್ಸು ಎಲ್ಲೋ ಇರ್ತದ.

ನಮ್ಮ ಕೆಲ್ಸ ಗೊತ್ತಿಲ್ಲದವರಿಗಿ ಹೇಳ್ತೀನಿ. ಮರದ ಫ್ರೇಮಿಗಿ ಸಣ್ಣ ಜಾಳಿಗಿ ಬಟ್ಟಿ, ಅಂದ್ರ ಮೆಶ್, ಡೋಲಿನ ಚರ್ಮದಂಗ ಬಿಗಿಯಾಗಿ ಎಳೆದು ಹೊಡೀತೀವಿ. ಮೊದಲು ಅದು ರೇಷ್ಮಿ ಬಟ್ಟಿ ಇರ್ತಿತ್ತು, ಸಿಲ್ಕ್ ಸ್ಕ್ರೀನ್ ಅನ್ನೋ ಹೆಸರು ಬಂದದ್ದು ಅದಕ್ಕೇ, ಈಗ ನೈಲಾನ್ ಇಲ್ಲಾ ಪಾಲಿಯೆಸ್ಟರ್. ಅದರ ಮ್ಯಾಲ ಎಮಲ್ಷನ್ ತೆಳ್ಳಗ ಸವರಿ ಕತ್ತಲದಾಗ ಒಣಗಿಸಿ, ಡಿಸೈನಿನ ಪಾಸಿಟಿವ್, ಅಂದ್ರ ಡಿಸೈನ್ ಕಪ್ಪಾಗಿ ಮೂಡಿದ ಪಾರದರ್ಶಕ ಹಾಳಿ, ಇಟ್ಟು ಲೈಟಿಗಿ ಹಿಡೀತೀವಿ. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿ ಆಗ್ತದ, ಪಾಸಿಟಿವ್‌ನ ಕಪ್ಪು ಅಡ್ಡ ಬಂದಲ್ಲಿ ಮೆತ್ತಗ ಉಳೀತದ, ನೀರು ಬಿಟ್ಟು ತೊಳೆದ್ರ ಆ ಮೆತ್ತಂದು ಅಷ್ಟೇ ಹೋಗಿ ಜಾಳಿಗಿ ತೆರೀತದ. ಇನ್ನ ಇಂಕ್ ಸುರುವಿ ಸ್ಕ್ವೀಜಿ, ಅಂದ್ರ ಇಂಕ್ ಒತ್ತೋ ರಬ್ಬರ್ ಪಟ್ಟಿ, ಎಳೆಯೋದು. ಒಂದು ಬಣ್ಣಕ್ಕ ಒಂದು ಫ್ರೇಮ್. ಬ್ಯಾಸಿಗಿ ಬಂತಂದ್ರ ನಮ್ಮೂರ ಬಿಸಿಲಿಗಿ ಇಂಕ್ ಮೆಶ್‌ನಾಗೇ ಒಣಗಿ ಜಾಮ್ ಆಗ್ತದ, ಹತ್ತು ಚೀಲಕ್ಕೊಮ್ಮೆ ಥಿನ್ನರ್ ಅರಿವಿಲೆ ಒರೆಸಬೇಕು, ಇಲ್ಲಂದ್ರ ಮೊದಲ ಚೀಲದಾಗ ದಟ್ಟ ಇದ್ದ ಅಕ್ಷರ ಹದಿನೈದನೇದ್ರಾಗ ದೆವ್ವದಂಗ ತೆಳ್ಳಗಾಗಿರ್ತದ. ನಮ್ಮ ಕಸಬಿನ ಮರ್ಯಾದಿ ಇರೋದು ಎಲ್ಲಾ ಚೀಲ ಒಂದೇ ಥರ ಕಾಣಸೋದ್ರಾಗ, ನಡುವ ಒಬ್ಬ ಮನುಷ್ಯನ ಕೈ ಇತ್ತು ಅನ್ನೋದು ಗೊತ್ತೇ ಆಗಬಾರ್ದು.

ಅಂಗಡಿ ಹಾಕಿದ ಮೂರನೇ ವರ್ಷದ ಮಾತು. ಗಂಜಿನ, ಅಂದ್ರ ನಮ್ಮೂರ ಧಾನ್ಯದ ಮಾರುಕಟ್ಟಿಯ ಒಂದು ಪೇಠಿಯವರು 600 ಚೀಲದ ಆರ್ಡರ್ ಕೊಟ್ಟಿದ್ರು, ಎರಡು ಬಣ್ಣ, ಕೆಂಪು ಸೂರ್ಯ, ಅದರ ಮುಂದ ಹಸಿರು ತೊಗರಿ ಟೊಂಗಿ, ಕೆಳಗ ಬ್ರ್ಯಾಂಡಿನ ಹೆಸರು. ಕೆಂಪು ಹೊಡೆದು ಒಣಗಿಸಿ ರಾತ್ರಿ ಹಸಿರು ಶುರು ಮಾಡಿದೆ, ಕರೆಂಟ್ ಹೋಗಿ ಬಂದು ಮಾಡ್ಲಕತ್ತಿತ್ತು, ಫ್ರೇಮಿನ ಕೀಲು ಸಡಿಲಾಗಿದ್ದು ನನ್ನ ಲಕ್ಷ್ಯಕ್ಕ ಬರ್ಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರ ಇನ್ನೂರರ ಮ್ಯಾಲ ಚೀಲದಾಗ ಟೊಂಗಿ ಒಂದು ಬಟ್ಟು ಬಲಕ್ಕ ಸರಿದು ಸೂರ್ಯನ ದಾಟಿ ಹೊರಗ ಹೋಗ್ಯದ, ಟೊಂಗಿ ಇರಬೇಕಾದ ಜಾಗದಾಗ ಬರೇ ಬಿಳಿ ಸಂದು. ಅವರು ಅಷ್ಟೂ ಚೀಲ ವಾಪಸ್ ಒಗೆದ್ರು, ರೊಕ್ಕ ಮುರ್ಕೊಂಡ್ರು, ಮುಂದ ಎರಡು ವರ್ಷ ಆ ಪೇಠಿ ಕೆಲ್ಸ ಬರ್ಲಿಲ್ಲ. ತಪ್ಪು ನಂದೇ. ಆ ಚೀಲದಾಗ ನಮ್ಮ ಮನ್ಯಾಗ ಎಷ್ಟೋ ವರ್ಷ ಜ್ವಾಳ ತುಂಬಿಟ್ವಿ, ಒಂದನ್ನ ಮಾತ್ರ ಹಂಗೇ ಇಟ್ಕೊಂಡೀನಿ.

ನನ್ನ ಅಣ್ಣನ ಮಗಳು ಫೈನ್ ಆರ್ಟ್ ಓದ್ಲಕತ್ತಾಳ. ಅಕಿ ಒಂದಿನ ಅಂಗಡಿಗಿ ಬಂದು ಮೊಬೈಲ್‌ನಾಗ ವಾರ್ಹೋಲ್ ಮಾಡಿದ ಹಾಲಿವುಡ್ ನಟಿ ಮರಿಲಿನ್ ಮನ್ರೋ ಚಿತ್ರ ತೋರಿಸಿ, ಕಾಕಾ, ಇದು ನಿನ್ನ ಆ ಚೀಲದಂಗೇ ಅದಲ್ಲಾ ಅಂದ್ಳು. ನೋಡ್ತೀನಿ, ಖರೆ! ತುಟಿಯ ಕೆಂಪು ತುಟಿ ಬಿಟ್ಟು ಆಚಿ ಹೋಗ್ಯದ, ಕಣ್ಣಿನ ಮ್ಯಾಲಿನ ನೀಲಿ ಕಣ್ಣಿಗಿ ಸರಿಯಾಗಿ ಕೂತಿಲ್ಲ, ಕೂದಲ ಹಳದಿ ಹಣಿ ಮ್ಯಾಲ ಇಳಿದದ. ಮನ್ರೋ ತೀರಿದ್ದು 1962ರ ಆಗಸ್ಟ್‌ದಾಗ, ಅವ ಅಕಿದೊಂದು ಹಳೇ ಸಿನಿಮಾದ ಪ್ರಚಾರದ ಫೋಟೊ ತೊಗೊಂಡು ಸ್ಕ್ರೀನ್ ಮಾಡಿ ಅದೇ ವರ್ಷ ಹೊಡೆದ. ಎರಡು ದೊಡ್ಡ ಕ್ಯಾನ್ವಾಸಿನ ಮ್ಯಾಲ ಒಂದೇ ಮುಖ 50 ಸಲ, 25 ಬಣ್ಣದಾಗ, 25 ಕಪ್ಪು ಬಿಳುಪಿನಾಗ. ಕಪ್ಪು ಬಿಳುಪಿನ ಕಡಿ ಒಂದು ಸಾಲಿನಾಗ ಇಂಕ್ ಜಾಸ್ತಿ ಆಗಿ ಮುಖಾನೇ ಮುಚ್ಚಿಹೋಗ್ಯದ, ಬಲಗಡಿ ಹೋಗ್ತಾ ಹೋಗ್ತಾ ಇಂಕ್ ಸಾಲದ ಮುಖ ಮಾಯ ಆಗ್ಲಕತ್ತದ. ಚಿತ್ರಕಲೆ ಬಲ್ಲವರು ಇದಕ್ಕ ದೊಡ್ಡ ದೊಡ್ಡ ಮಾತು ಹೇಳ್ತಾರ, ಇರ್ಲಿ. ನನ್ನ ಕಸಬಿನ ಕಣ್ಣಿಗಿ ಕಂಡದ್ದು ಇಷ್ಟು, ಈ ಮನುಷ್ಯ ಸ್ಕ್ವೀಜಿ ಒತ್ತಿದ್ದನ್ನ, ಮೆಶ್ ಜಾಮ್ ಆಗಿದ್ದನ್ನ ಮುಚ್ಚಿಟ್ಟಿಲ್ಲ. ನಾವು ಥಿನ್ನರ್ ಹಾಕಿ ಒರೆಸಿಬಿಡೋದನ್ನ ಅವ ಗ್ವಾಡಿಗಿ ಹಚ್ಚಿ ತೋರಿಸ್ಯಾನ. ಒಂದು ಹೆಣ್ಮಗಳ ಮುಖ ಕಾರ್ಖಾನಿ ಮಾಲಿನಂಗ ಹೊಡೆದು ಹೊಡೆದು ಸವೀತದ ಅನ್ನೋದು ಮಾತಿಲ್ಲದ ತಿಳೀತದ. ನನ್ನ ಕಡಿಂದ ತಪ್ಪಾಗಿ ಆದದ್ದು ಅವನ ಕಡಿಂದ ಮಾತಾಗ್ಯದ, ಅವತ್ತಿಂದ ನಾನು ಪಾಪ್ ಆರ್ಟ್ ಪ್ರಿಂಟ್ ಹುಡುಕಿ ಹುಡುಕಿ ನೋಡ್ಲಕ್ಕ ಹತ್ತಿದೆ.

ಹಂಗಾದ್ರ ಇದು ಜಾಹೀರಾತೇ ಅಲ್ವಾ ಅನ್ನೋ ಪ್ರಶ್ನೆಗಿ ಬರ್ತೀನಿ. ಈ ಪಾಪ್ ಆರ್ಟ್ ಮೊದಲು ಹುಟ್ಟಿದ್ದೇ ಅಮೆರಿಕದಾಗ ಅಲ್ಲ, ಇಂಗ್ಲೆಂಡಿನಾಗ, ಯುದ್ಧ ಮುಗಿದ ಮ್ಯಾಲ, ರೇಶನ್ ಮ್ಯಾಲ ಉಣ್ಣೋ ಮಂದಿ ಅಮೆರಿಕದ ಬಣ್ಣ ಬಣ್ಣದ ಪತ್ರಿಕಿಯೊಳಗ ಫ್ರಿಜ್ಜು ಕಾರು ಕೇಕು ನೋಡಿ ಬೆರಗಾಗಿದ್ದ ಕಾಲದಾಗ. ಅಲ್ಲಿನ ಕಲಾವಿದ ಎಡ್ವಾರ್ಡೊ ಪಾವ್ಲೊಟ್ಸಿ ಅಂಥ ಪತ್ರಿಕಿ ಕತ್ತರಿಸಿ 1940ರ ದಶಕದಾಗೇ ಚಿತ್ರ ಅಂಟಿಸಿದ್ದ. ಇನ್ನೊಬ್ಬ ಕಲಾವಿದ ರಿಚರ್ಡ್ ಹ್ಯಾಮಿಲ್ಟನ್ 1956ರಾಗ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿ ಪ್ರದರ್ಶನಕ್ಕಂತ ಒಂದು ಮನಿ ಚಿತ್ರ ಮಾಡಿದ, ಟೀವಿ, ಟೇಪ್ ರೆಕಾರ್ಡರ್, ಡಬ್ಬಿ ಮಾಂಸ, ಕಸ ಹೊಡಿಯೋ ಯಂತ್ರ, ಎಲ್ಲಾ ಪತ್ರಿಕಿಯಿಂದ ಕತ್ತರಿಸಿದ್ದು. ಮುಂದಿನ ವರ್ಷ ಗೆಳೆಯರಿಗಿ ಬರೆದ ಪತ್ರದಾಗ ಪಾಪ್ ಅಂದ್ರ ಏನು ಅಂತ ಪಟ್ಟಿ ಮಾಡಿದ, ಜನಪ್ರಿಯ, ನಾಕ್ ದಿನದ್ದು, ಅಗ್ಗದ್ದು, ರಾಶಿ ರಾಶಿ ತಯಾರಾಗೋದು, ದೊಡ್ಡ ವ್ಯಾಪಾರ, ಹಿಂಗ. ಈ ಪಟ್ಟಿಯಾಗ ಹೊಗಳಿಕಿ ಎಲ್ಲಿ ಮುಗೀತು, ಪ್ರಶ್ನೆ ಎಲ್ಲಿ ಶುರು ಆಯ್ತು ಅಂತ ಗೆರಿ ಎಳಿಲಿಕ್ಕೆ ಬರಂಗಿಲ್ಲ, ಮತ್ತ ಅದೇ ಅದರ ಖರೇತನ, ಯಾಕಂದ್ರ ನಾವೂ ಹಂಗೇ, ಹೊಸ ಪ್ಯಾಕೆಟ್ ಕಂಡ್ರ ಮನಸ್ಸು ಅರಳ್ತದ, ಮನಿಗಿ ತಂದು ಹರಿದು ಒಗೆದ ಮ್ಯಾಲ ಬ್ಯಾಸರ ಆಗ್ತದ.

ಬರೇ ಹೊಗಳಿಕಿ ಅನ್ನೋರಿಗಿ ಇನ್ನೊಂದು ಹೇಳ್ತೀನಿ. 1963ರಾಗ ಡೆಟ್ರಾಯಿಟ್ ಊರಾಗ ಕೆಟ್ಟುಹೋದ ಡಬ್ಬಿ ಮೀನು ತಿಂದು ಇಬ್ಬರು ಹೆಣ್ಮಕ್ಕಳು ಸತ್ತರು. ವಾರ್ಹೋಲ್ ಪತ್ರಿಕಿಯಾಗ ಬಂದ ಆ ಇಬ್ಬರ ನಗುಮುಖದ ಫೋಟೊ, ಮ್ಯಾಲ ಆ ಮೀನಿನ ಡಬ್ಬಿ, ಕೆಳಗ ಸುದ್ದಿ ಸಾಲು ಸಮೇತ ತೊಗೊಂಡು ಸ್ಕ್ರೀನ್ ಮಾಡಿ ಸಾಲಾಗಿ ಹೊಡೆದ. ಸೂಪ್ ಡಬ್ಬಿ ಸಾಲಿದ್ದಂಗೇ ಸಾಲು, ಆದ್ರ ಈ ಸಲ ಡಬ್ಬಿ ಜೋಡಿ ಅದನ್ನ ನಂಬಿ ತಂದು ತಿಂದವರ ಮುಖಾನೂ ಅದ. ಇದನ್ನ ನೋಡಿದ ಮ್ಯಾಲ ಸೂಪ್ ಡಬ್ಬಿನ ಮೊದಲಿನ ಕಣ್ಣಿಲೆ ನೋಡ್ಲಿಕ್ಕೆ ಆಗಂಗಿಲ್ಲ.

ನನ್ನ ಮನಸ್ಸಿಗಿ ಅವನಿಗಿಂತ ಹತ್ರ ಆದಾಕಿ ಇನ್ನೊಬ್ಬಾಕಿ, ಕೊರಿಟಾ ಕೆಂಟ್ ಅಂತ, ಕ್ರೈಸ್ತ ಸನ್ಯಾಸಿನಿ, ಲಾಸ್ ಏಂಜಲೀಸ್‌ನ ಒಂದು ಕಾಲೇಜಿನಾಗ ಚಿತ್ರ ಕಲಿಸೋ ಟೀಚರ್. ಇಕಿ ಹೆಚ್ಚಾಗಿ ಮಾಡಿದ್ದು ಸ್ಕ್ರೀನ್ ಪ್ರಿಂಟ್. ಬ್ರೆಡ್ ಪ್ಯಾಕೆಟ್ಟಿನ ಅಕ್ಷರ, ಸೂಪರ್ ಮಾರ್ಕೆಟ್ಟಿನ ಬೋರ್ಡು, ರಸ್ತೆ ಮ್ಯಾಲಿನ ಜಾಹೀರಾತಿನ ಸಾಲು ತೊಗೊಂಡು, ತಿರುಗಿಸಿ ಮುರುಗಿಸಿ, ಅದರ ಬಾಜೂಕ ಹಸಿವು, ಬಡತನ, ಯುದ್ಧದ ಮಾತು ಹಾಕ್ತಿದ್ಳು. ಒಂದು ಹಿಟ್ಟಿನ ಕಂಪನಿ ತನ್ನ ಜಿ ಅಕ್ಷರ ಅಂದ್ರ ಗುಡ್‌ನೆಸ್ ಅಂತ ಜಾಹೀರಾತು ಕೊಟ್ರ, ಇಕಿ ಅದೇ ದೊಡ್ಡ ಜಿ ತೊಗೊಂಡು 1964ರಾಗ ಪ್ರಿಂಟ್ ಮಾಡಿ ಒಳ್ಳೇತನ ಅಂದ್ರೇನು ಅಂತ ನೋಡೋರ ಕೇಳಿದ್ಳು. ರೇಟೂ ಕಮ್ಮಿ ಇಡ್ತಿದ್ಳು, ಸಾಮಾನ್ಯ ಮಂದಿ ಒಯ್ದು ಮನ್ಯಾಗ ಹಚ್ಲಿ ಅಂತ. ಇದು ನನಗ ದೊಡ್ಡ ಮಾತು. ಸ್ಕ್ರೀನ್ ಪ್ರಿಂಟಿನ ಧರ್ಮಾನೇ ಅದು, ಹೆಚ್ಚು ಆಗ್ಬೇಕು, ಅಗ್ಗ ಇರ್ಬೇಕು, ಕೈಯಿಂದ ಕೈಗಿ ಹೋಗ್ಬೇಕು. ವಾರ್ಹೋಲನ ಪ್ರಿಂಟ್ ಇವತ್ತು ಕೋಟಿ ಕೋಟಿ ರೂಪಾಯಿಗಿ ಹರಾಜಿನಾಗ ಹೋಗ್ತಾವ, ಪ್ಯಾಕೆಟ್ ಬಗ್ಗೆ ಮಾತಾಡಿದ ಚಿತ್ರಾನೇ ಎಲ್ಲಕ್ಕಿಂತ ದುಬಾರಿ ಪ್ಯಾಕೆಟ್ ಆಗಿದ್ದು ನೋಡಿದ್ರ ನನಗ ಖರೇನೇ ಸಂಕಟ ಆಗ್ತದ.

ಈಗ ನಮ್ಮ ಊರಿಗಿ ಬರ್ರಿ. ಯಾವದಾದ್ರೂ ಕಿರಾಣಿ ಅಂಗಡಿ ಮುಂದ ಐದು ನಿಮಿಷ ಸುಮ್ಮ ನಿಂದರ್ರಿ. ಶಾಂಪೂ ಪುಡಿಕಿ, ಹಲ್ಲುಪುಡಿ, ಬಟ್ಟಿ ಸೋಪಿನ ಪುಡಿ, ಕಾಫಿ ಪುಡಿ, ಗುಟ್ಕಾ, ಎಲ್ಲಾ ತೋರಣದಂಗ ಜೋತು ಬಿದ್ದಿರ್ತಾವ, ಒಂದೇ ಚಿತ್ರ ಕೆಳಗ ಕೆಳಗ ಹನ್ನೆರಡು ಸಲ, ಬಾಜೂಕ ಇನ್ನೊಂದು ಚಿತ್ರ ಹನ್ನೆರಡು ಸಲ, ನಡುವ ಒಂದು ಸಣ್ಣ ಕಿಂಡಿ, ಆ ಕಿಂಡಿಯೊಳಗ ಅಂಗಡಿ ಸಾವ್ಕಾರರ ಮುಖ. 1962ರಾಗ ಅಮೆರಿಕದಾಗ ವಾರ್ಹೋಲ್ 112 ಕೋಕಾ ಕೋಲಾ ಬಾಟ್ಲಿ ಸಾಲು ಸಾಲು ಹೊಡೆದ ಚಿತ್ರ ಮ್ಯೂಸಿಯಂದಾಗ ಅದ, ನಮ್ಮಲ್ಲಿ ಓಣಿ ಓಣಿಗಿ ಅದ, ಆದ್ರ ದಿನಾ ನೋಡಿ ನೋಡಿ ಕಣ್ಣು ಅದನ್ನ ನೋಡೋದೇ ಬಿಟ್ಟದ. ಪ್ರಿಂಟ್ ಮಾಡಿ ಗ್ವಾಡಿಗಿ ಹಚ್ಚಿದ್ರ ಕಣ್ಣು ಮತ್ತ ತೆರೀತದ, ಕಲಾವಿದ ಮಾಡೋದು ಅಷ್ಟೇ ಕೆಲ್ಸ, ಅದೇನು ಸಣ್ಣದಲ್ಲ.

ತೊಗರಿದು ನೋಡ್ರಿ. ನಮ್ಮದು ತೊಗರಿ ಕಣಜ ಅಂತೀವಿ, 2019ರಾಗ ನಮ್ಮ ತೊಗರಿ ಬ್ಯಾಳಿಗಿ ಜಿಐ, ಅಂದ್ರ ಇದು ಈ ಊರಿಂದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆನೂ ಬಂತು. ಹಳ್ಳಿಯಿಂದ ಗಂಜಿಗಿ ಚೀಲ ಬರ್ತದ, ಹಮಾಲರು ಬೆನ್ನ ಮ್ಯಾಲ ಇಳಸ್ತಾರ, ಅಡತಿ ಅಂಗಡ್ಯಾಗ ಹರಾಜಿನ ಸವಾಲ್ ಆಗ್ತದ, ಮಿಲ್ಲಿಗಿ ಹೋಗಿ ಎಣ್ಣಿ ಹಚ್ಚಿ ಒಣಗಿಸಿ ಸಿಪ್ಪಿ ತೆಗೆದು ಒಡೆದು ಬ್ಯಾಳಿ ಆಗ್ತದ, ಹೆಣ್ಮಕ್ಕಳು ಸಾಲಾಗಿ ಕೂತು ಹಳ್ಳು ಆರಿಸ್ತಾರ, ಚೀಲ ತುಂಬಿ ಹೊಲೀತಾರ, ಲಾರಿ ಹತ್ತಿ ಊರು ಬಿಡ್ತದ. ಅದೇ ಬ್ಯಾಳಿ ತಿರುಗಿ ಬರೋದು ಮಿಂಚೋ ಒಂದು ಕಿಲೋ ಪ್ಯಾಕೆಟ್ಟಿನಾಗ, ಮ್ಯಾಲ ಹೊಳಿಯೋ ಬೋಗಾಣಿ, ನಗೋ ಹೆಣ್ಮಗಳು, ನಾವು ಎಂದೂ ನೋಡಿರದಂಥ ಅಡಗಿ ಮನಿ. 2022ರ ಹಂಗಾಮಿನಾಗ ನೆಟೆ ರೋಗ ಬಂದು ನಮ್ಮ ಕಡಿ ಹೊಲಕ್ಕ ಹೊಲ ತೊಗರಿ ಒಣಗಿ ನಿಂತಿತ್ತು, ರೈತರು ಒಣಗಿದ ಗಿಡ ಕಿತ್ತು ಕೈಯಾಗ ಹಿಡಕೊಂಡು ಧರಣಿ ಕೂತಿದ್ರು, ಆ ವರ್ಷಾನೂ ಪ್ಯಾಕೆಟ್ ಮ್ಯಾಲಿನ ಹೆಣ್ಮಗಳು ಅಷ್ಟೇ ನಗ್ತಿದ್ಳು. ಇದನ್ನ ತಪ್ಪು ಅಂತ ನಾನು ಯಾರ ಮ್ಯಾಲೂ ಹೊರಿಸ್ತಿಲ್ಲ, ಪ್ಯಾಕೆಟ್ಟಿನ ಕೆಲಸಾನೇ ನಗೋದು. ಆದ್ರ ಆ ನಗುವಿನ ಬಾಜೂಕ ಒಣಗಿದ ಟೊಂಗಿ ಇಟ್ಟು ತೋರಿಸೋರು ಯಾರಾದ್ರೂ ಬೇಕಲ್ರಿ, ಆ ಡಬ್ಬಿ ಮೀನಿನ ಚಿತ್ರದಾಗ ತೋರಿಸಿದಂಗ.

ಇನ್ನೊಂದು ಸಂಗತಿ ನನಗ ರಾತ್ರಿ ನಿದ್ದಿ ಬರದಂಗ ಮಾಡ್ಯದ. 1964ರಾಗ ವಾರ್ಹೋಲ್ ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯೊಳಗ ಬ್ರಿಲ್ಲೊ ಅನ್ನೋ ಪಾತ್ರಿ ತಿಕ್ಕೋ ಪ್ಯಾಡಿನ ಪೆಟ್ಟಿಗಿ ಪೇರಿಸಿಟ್ಟ, ರಟ್ಟಿನದಲ್ಲ, ಪ್ಲೈವುಡ್ ಪೆಟ್ಟಿಗಿ ಮಾಡ್ಸಿ ಅದರ ಮ್ಯಾಲ ಸ್ಕ್ರೀನ್ ಪ್ರಿಂಟ್. ಮುಂದಿನ ವರ್ಷ ಅವನ್ನ ಕೆನಡಾಕ್ಕ ಪ್ರದರ್ಶನಕ್ಕ ಒಯ್ಯುವಾಗ ಕಸ್ಟಮ್ಸ್‌ನವರು ಇದು ಶಿಲ್ಪ ಅಲ್ಲ, ವ್ಯಾಪಾರದ ಮಾಲು, ಸುಂಕ ಕಟ್ರಿ ಅಂದ್ರು. ಈ ಕತಿ ಎಲ್ಲರೂ ಹೇಳ್ತಾರ. ಆದ್ರ ಅಸಲಿ ರಟ್ಟಿನ ಪೆಟ್ಟಿಗಿ ಮ್ಯಾಲ ಆ ಕೆಂಪು ನೀಲಿ ಡಿಸೈನ್ ಮಾಡಿದವ ಜೇಮ್ಸ್ ಹಾರ್ವಿ ಅಂತ, ಅವನೂ ಚಿತ್ರಗಾರನೇ, ಹೊಟ್ಟಿಪಾಡಿಗಿ ಪ್ಯಾಕೆಟ್ ಡಿಸೈನ್ ಮಾಡ್ತಿದ್ದ, ಗ್ಯಾಲರಿಯೊಳಗ ಇಟ್ಟದ್ದು ಅವನ ಕೈಯ ಡಿಸೈನೇ, ಹೆಸರು ಬಂದದ್ದು ಬ್ಯಾರೆಯವಗ. 1965ರಾಗ ಹಾರ್ವಿ ತೀರಿಹೋದ. ಇದನ್ನ ಓದಿದ ದಿನ ನನ್ನ ಅಂಗಡ್ಯಾಗ ಕೂತು ಲೆಕ್ಕ ಹಾಕಿದೆ, ಮೂವತ್ತು ವರ್ಷದಾಗ ಎಷ್ಟು ಚೀಲ ಹೊಡೆದೀನಿ, ಆ ಸೂರ್ಯ, ನವಿಲು, ಎತ್ತು, ತಾಯಿ ಮಗು, ಕಮಲ, ಇವನ್ನೆಲ್ಲಾ ಮೊದಲು ಬರೆದವ ಯಾರು. ಪ್ಯಾಕೆಟ್ ಮ್ಯಾಲ ರೇಟು, ತೂಕ, ಮಿಲ್ಲಿನ ಹೆಸರು, ಊರು, ಎಲ್ಲಾ ಇರ್ತದ, ಬೆಳೆದವನ ಹೆಸರು, ಹೊತ್ತವನ ಹೆಸರು, ಆರಿಸಿದಾಕಿ ಹೆಸರು, ಚಿತ್ರ ಬರೆದವನ ಹೆಸರು ಮಾತ್ರ ಇರಂಗಿಲ್ಲ.

ಈ ಮಾತಿಗಿ ನಮ್ಮೂರಾಗೇ ದೊಡ್ಡ ಸಾಕ್ಷಿ ಅದ. ಎಸ್.ಎಂ. ಪಂಡಿತ್ ಅಂದ್ರ ಇವತ್ತಿನ ಹುಡುಗ್ರಿಗಿ ಅದು ರಂಗಮಂದಿರದ ಹೆಸರು, ನಾಟಕ, ಸನ್ಮಾನ, ಸಮಾರಂಭ ಆಗೋ ಜಾಗ. ಆ ಹೆಸರಿನ ಮನುಷ್ಯ 1916ರಾಗ ಇದೇ ಕಲಬುರಗಿಯೊಳಗ ಹುಟ್ಟಿ, ಮುಂಬೈಗಿ ಹೋಗಿ ಸಿನಿಮಾ ಪೋಸ್ಟರ್ ಬರೆದ್ರು, ಫಿಲ್ಮ್‌ಇಂಡಿಯಾ ಪತ್ರಿಕಿಗಿ ಮುಖಪುಟ ಬರೆದ್ರು, ಆಮ್ಯಾಲ ದೇವರು ದೇವತಿ, ಪುರಾಣದ ಚಿತ್ರ ಬರೆದು ಅವು ಕ್ಯಾಲೆಂಡರ್ ಆಗಿ ದೇಶದ ಮೂಲಿ ಮೂಲಿಗಿ ಹೋದವು, 1993ರಾಗ ತೀರಿಕೊಂಡ್ರು. ನಮ್ಮ ಎಷ್ಟೋ ಮನಿಯ ಜಗಲಿ ಮ್ಯಾಲ ಇದ್ದದ್ದು ಇವರ ಚಿತ್ರ, ಆದ್ರ ಕೈಮುಗಿದ ಮಂದಿಗಿ ಯಾರು ಬರೆದದ್ದು ಗೊತ್ತಿಲ್ಲ. ನಮ್ಮವ್ವ ವರ್ಷ ಮುಗಿದ ಕೂಡ್ಲೆ ಕ್ಯಾಲೆಂಡರಿನ ತಾರೀಖಿನ ಹಾಳಿ ಹರಿದು ಒಲಿಗಿ ಹಾಕಿ, ಮ್ಯಾಲಿನ ಲಕ್ಷ್ಮೀ ಚಿತ್ರ ಕತ್ತರಿಸಿ ಕಟ್ಟು ಹಾಕಿಸ್ತಿದ್ಳು. ಲಕ್ಷ್ಮೀ ಪಾದದ ಕೆಳಗ ಗೊಬ್ಬರದ ಅಂಗಡಿ ಹೆಸರು ಇರ್ತಿತ್ತು, ಅದನ್ನ ಕತ್ತರಿಸಿದ್ರ ಪಾದಾನೂ ಹೋಗ್ತದಂತ ಹಂಗೇ ಬಿಟ್ಟಿದ್ಳು. ದೇವರಿಗಿ ಹೂವು ಏರಿಸಿದಾಗ ಒಂದೆಸಳು ಗೊಬ್ಬರದ ಅಂಗಡಿಗೂ ಬೀಳ್ತಿತ್ತು. ಭಕ್ತಿ, ವ್ಯಾಪಾರ, ಛಾಪಖಾನಿ ಮೂರೂ ಒಂದೇ ಹಾಳಿ ಮ್ಯಾಲ ಇದ್ವು, ಲಂಡನ್ನಿನವರು ಪಾಪ್ ಅನ್ನೋ ಹೆಸರು ಇಡೋಕಿಂತ ಭಾಳ ಮೊದಲೇ ಇದ್ವು. ರಾಜಾ ರವಿವರ್ಮ 1894ರಾಗ ಮುಂಬೈದಾಗ ಜರ್ಮನಿ ಯಂತ್ರ ತರಿಸಿ ಛಾಪಖಾನಿ ಹಾಕಿದಾಗಿಂದ ಇದು ಜೋರಾಗಿ ಹಬ್ಬಿತ್ತು. ಮುಂದ ಬರೋಡಾದಾಗ ಭೂಪೇನ್ ಖಖ್ಖರ್ ಅನ್ನೋರು, ದಿನದ ಹೊತ್ತು ಲೆಕ್ಕಪತ್ರದ ಕೆಲ್ಸ ಮಾಡೋ ಅಕೌಂಟೆಂಟು, ಬಜಾರಿನ ದೇವರ ಪಟ ತಂದು ಅಂಟಿಸಿ ಚಿತ್ರ ಮಾಡಿದ್ರು, ಗಡಿಯಾರ ರಿಪೇರಿ ಅಂಗಡಿ, ಕಟಿಂಗ್ ಅಂಗಡಿ, ಪ್ಲಾಸ್ಟಿಕ್ ಹೂವು ಹಿಡಿದ ಮನುಷ್ಯ, ಇವನ್ನ ಮರ್ಯಾದಿಯಿಂದ ಬರೆದ್ರು. ಅವರ ಚಿತ್ರದಾಗ ಅಂಗಡಿ ಅದ, ಆದ್ರ ಅಂಗಡಿಯವನೂ ಅದಾನ. ನನಗ ಬೇಕಾದದ್ದು ಆ ದಾರಿ.

ನನ್ನ ತಂದಿ ನಮ್ಮೂರ ಎಂ.ಎಸ್.ಕೆ. ಬಟ್ಟಿ ಮಿಲ್ಲಿನಾಗ ಇದ್ರು. ಬಟ್ಟಿ ಥಾನಿನ ತುದಿಗಿ ನೀಲಿ ಠಸ್ಸೆ ಹೊಡೀತಿದ್ರು, ಆ ಠಸ್ಸೆ ಇದ್ದ ತುಂಡು ಅವ್ವ ಬಿಸಾಕ್ತಿರ್ಲಿಲ್ಲ, ಒರೆಸೋ ಅರಿವಿ ಮಾಡ್ಕೋತಿದ್ಳು. ಮಿಲ್ ನಿಂತು ಎಷ್ಟೋ ವರ್ಷ ಆಯ್ತು, ಅಂಥದ್ದೊಂದು ತುಂಡು ಈಗ ಹುಡುಕಿದ್ರ ನಮ್ಮ ಮನ್ಯಾಗೇ ಸಿಗ್ಲಿಲ್ಲ. ತಗಡು ಕೊರೆದು ಬ್ರಷ್‌ಲೆ ಬಣ್ಣ ಹಚ್ಚಿ ಗೋಣಿ ಚೀಲಕ್ಕ ಮಾರ್ಕಾ ಹಾಕೋ ಕಾಲ ನಾನು ಸಣ್ಣವಿದ್ದಾಗ ನೋಡೀನಿ, ಆ ತಗಡುಗಳು ಮೋಡಕಾಕ್ಕ ಹೋದವು. ಈಗ ಚೀಲದ ಪ್ರಿಂಟಿಂಗೂ ದೊಡ್ಡ ಊರಿನ ಫ್ಯಾಕ್ಟರಿಯಿಂದ ಎಂಟು ಬಣ್ಣದಾಗ ರೋಲ್ ಆಗಿ ಬರ್ತದ, ನನ್ನಂಥವರ ಫ್ರೇಮು ಗ್ವಾಡಿಗಿ ಒರಗಿ ಕೂತಾವ. ಹೊಸಾ ಮಾಲು ಚೆಂದ ಇರ್ತದ, ನಾನು ಇಲ್ಲ ಅನ್ನಂಗಿಲ್ಲ.

ನನ್ನ ಬೇಡಿಕಿ ಎರಡೇ. ಒಂದು, ಓದುಗರ ಮನ್ಯಾಗ ಹಳೇ ಕ್ಯಾಲೆಂಡರ್, ಕಡ್ಡಿಪೆಟ್ಟಿಗಿ ಚೀಟಿ, ಬೀಡಿ ಕಟ್ಟಿನ ಲೇಬಲ್, ಮಿಲ್ಲಿನ ಠಸ್ಸೆ ಇದ್ದ ಬಟ್ಟಿ, ಮಾರ್ಕಾ ಇದ್ದ ಗೋಣಿ ಚೀಲ ಇದ್ರ ದಯಮಾಡಿ ರದ್ದಿಗಿ ಹಾಕಬ್ಯಾಡ್ರಿ, ಹಿಂದ ಯಾವ ಊರಿಂದು, ಯಾವ ವರ್ಷದ್ದು ಅಂತ ಪೆನ್ಸಿಲ್ಲಿಲೆ ಬರೆದು ಇಡ್ರಿ, ಚಿತ್ರ ಬರೆದವರ ಹೆಸರು ಮೂಲಿಯಾಗ ಸಣ್ಣಗ ಇದ್ರ ಅದನ್ನೂ ಬರೀರಿ. ಇನ್ನೊಂದು, ಊರಾಗ ಚಿತ್ರಕಲಾ ಪ್ರದರ್ಶನ ಇಡೋರು ಇಂಥವಕ್ಕೂ ಒಂದು ಗ್ವಾಡಿ ಕೊಡ್ರಿ, ಪಂಡಿತರ ಹೆಸರಿನ ರಂಗಮಂದಿರದ ವರಾಂಡದಾಗ ಕೊಟ್ರೂ ಸಾಕು. ನಿಮ್ಮ ಪೇಪರಿಗೂ ಕೇಳ್ತೀನಿ, ಅಮೆರಿಕದ ಸೂಪ್ ಡಬ್ಬಿ ಹಾಕಿದ ಪುರವಣಿಯೊಳಗ ಒಂದು ಸಲ ನಮ್ಮ ಗಂಜಿನ ಚೀಲದ ಚಿತ್ರಾನೂ ಹಾಕ್ರಿ. ಭೂತಗಾಜು ಇಟ್ಟು ನಿಮ್ಮ ಪೇಪರಿನ ಬಣ್ಣದ ಫೋಟೊ ನೋಡಿದ್ರ ಬರೇ ಚುಕ್ಕಿ ಚುಕ್ಕಿ ಕಾಣ್ತಾವ, ರಾಯ್ ಲಿಕ್ಟನ್‌ಸ್ಟೈನ್ ಅನ್ನೋ ಪಾಪ್ ಕಲಾವಿದ ಇಂಥ ಛಾಪಖಾನಿ ಚುಕ್ಕಿಗಳನ್ನೇ ದೊಡ್ಡದು ಮಾಡಿ ಬರೆದು ಹೆಸರಾದ, ಅಂದ್ರ ಈ ಕಲೆಯ ಬೀಜ ದಿನಾ ಬೆಳಿಗ್ಗೆ ನಿಮ್ಮ ಕೈಯಿಂದ್ಲೇ ಮನಿ ಮನಿಗಿ ಬರ್ತದ.

ಅಣ್ಣನ ಮಗಳು ತನ್ನ ಕೊನೇ ವರ್ಷದ ಕೆಲಸಕ್ಕ ನನ್ನ ಆ ಕೆಟ್ಟ ಚೀಲದ ಫೋಟೊ ತೆಗೆದು ಪ್ರಿಂಟ್ ಹೊಡಿಯೋ ಫ್ರೇಮ್ ಮಾಡ್ಯಾಳ. ಇಬ್ಬರೂ ಕೂಡಿ 32 ಹಾಳಿ ಹೊಡಿಲಕತ್ತೀವಿ, ಕೆಂಪು ಸೂರ್ಯ, ಹಸಿರು ಟೊಂಗಿ, ಈ ಸಲ ಟೊಂಗಿ ಬೇಕಂತಲೇ ಬಟ್ಟಿನಷ್ಟು ಬಲಕ್ಕ ಸರಿಸೀವಿ. ಬ್ರ್ಯಾಂಡಿನ ಹೆಸರು ಇದ್ದ ಜಾಗ ಖಾಲಿ ಬಿಟ್ಟು, ಅಲ್ಲಿ ಒಂದೊಂದು ಹಾಳಿಗಿ ಒಬ್ಬೊಬ್ಬರ ಹೆಸರು, ಬಿತ್ತಿದವರು, ಹೊತ್ತವರು, ಹೊಲಿದವರು, ಲಾರಿ ಹೊಡೆದವರು. ಗಂಜಿಗಿ ಹೋಗಿ ಕೇಳಿ ಬರ್ಕೊಂಡು ಬರ್ತಾಳ. ಹಮಾಲರು ಮೊದಲು ಯಾಕ ಏನು ಅಂತ ಹಿಂಜರಿದ್ರಂತ, ತಿಳಿಸಿ ಹೇಳಿದ ಮ್ಯಾಲ ಹೆಸರಿನ ಜೋಡಿ ಊರಿನ ಹೆಸರೂ ಹಾಕಮ್ಮಾ ಅಂದ್ರಂತ. ಬ್ಯಾಳಿ ಆರಿಸೋ ಒಬ್ಬಾಕಿ, ನನ್ನ ಹೆಸರು ಬ್ಯಾಡವ್ವಾ, ನಮ್ಮವ್ವನ ಹೆಸರು ಹಾಕು, ಹಳ್ಳು ಆರಿಸೋದು ನನಗ ಅಕಿನೇ ಕಲಿಸಿದ್ದು ಅಂದಾಳ. ಆ ಹಾಳಿ ನಿನ್ನೆ ಸಂಜಿಗಿ ಹೊಡೆದು ಹಗ್ಗದ ಮ್ಯಾಲ ಒಣಗಲಿಕ್ಕ ಹಾಕೀವಿ.

ಇಂತಿ,
ಒಬ್ಬ ಸ್ಕ್ರೀನ್ ಪ್ರಿಂಟಿಂಗ್ ಕೆಲಸಗಾರ
ಸೂಪರ್ ಮಾರ್ಕೆಟ್, ಕಲಬುರಗಿ